ಟಿಪ್ಪರ್ ಸಾಹೇಬರಿಗೆ ಆಜೀವ ಲೈಸೆನ್ಸು

ಅಂತೂ ಪಾಕಿಸ್ತಾನದ ಸೇನಾ ಮುಖ್ಯಸ್ಥ ಅಸೀಮ್ ಮುನೀರ್ ಸಾಹೇಬರ ಕೈಗೆ ಆರ್ಡರ್ ಕಾಪಿ ಸಿಕ್ಕಿತು. 2025ರ ನವೆಂಬರಿನಲ್ಲೇ ಪಾಕಿಸ್ತಾನದ ಸಂಸತ್ತು ಸಂವಿಧಾನಕ್ಕೆ 27ನೇ ತಿದ್ದುಪಡಿ ತಂದು, ಮೂರೂ ಪಡೆಗಳ ಮೇಲೆ ‘ರಕ್ಷಣಾ ಪಡೆಗಳ ಮುಖ್ಯಸ್ಥ’ ಎಂಬ ಒಂದು ಹೊಸ ಕುರ್ಚಿ ಮಾಡಿಟ್ಟಿತ್ತು. ಕುರ್ಚಿ ರೆಡಿ, ಕೂರುವವರೂ ರೆಡಿ, ಅಧಿಸೂಚನೆಯೇ ನಾಪತ್ತೆ. ನವೆಂಬರ್ 29ಕ್ಕೆ ಸೇನಾ ಮುಖ್ಯಸ್ಥರಾಗಿ ಮೂರು ವರ್ಷ ತುಂಬಿತು. ಪ್ರಧಾನಿ ಶೆಹಬಾಜ್ ಷರೀಫ್ ನೋಡಿದರೆ ವಿದೇಶ ಪ್ರವಾಸದಲ್ಲಿ. ಕಾಗದ ಹೊರಬಿದ್ದದ್ದು ಡಿಸೆಂಬರ್ ಮೊದಲ ವಾರದಲ್ಲಿ. ಬಡ್ತಿ ಆದೇಶಕ್ಕೆ ಕಾದು ಕಾದು ಸುಸ್ತಾದ ನಮ್ಮ ಎರಡನೇ ದರ್ಜೆ ಸಹಾಯಕರು ಇನ್ನು ಮೇಲೆ ಬೇಸರ ಮಾಡಿಕೊಳ್ಳಬಾರದು. ಅಣುಬಾಂಬ್ ಇಟ್ಟುಕೊಂಡವರ ಫೈಲೂ ಟೇಬಲ್ಲಿನಿಂದ ಟೇಬಲ್ಲಿಗೆ ತೆವಳುತ್ತದೆ.

ಸಾಹೇಬರ ವೃತ್ತಿಜೀವನವನ್ನು ಮಿಲಿಟರಿ ಶಾಲೆಗಳಲ್ಲಿ ಪಾಠವಾಗಿ ಇಡಬೇಕು. ಯುದ್ಧದ ಪಾಠವಲ್ಲ, ನಿವೃತ್ತಿಯನ್ನು ಸೋಲಿಸುವ ಪಾಠ. 2022ರ ನವೆಂಬರ್ 27ಕ್ಕೆ ಮನೆಗೆ ಹೋಗಬೇಕಿದ್ದವರು. ಮೂರು ದಿನ ಮುಂಚೆ ಮುಖ್ಯಸ್ಥರಾಗಿ ಹೆಸರು ಬಂತು. ಅವಧಿ ಮೂರು ವರ್ಷ ಅಂದರು. 2024ರಲ್ಲಿ ಕಾನೂನನ್ನೇ ತಿದ್ದಿ ಐದು ಮಾಡಿದರು. 2025ರ ಮೇನಲ್ಲಿ ಫೀಲ್ಡ್ ಮಾರ್ಷಲ್. ಈಗ ಆ ಪದವಿ, ಸಮವಸ್ತ್ರ ಎರಡೂ ಉಸಿರಿರುವ ತನಕ. ಶತ್ರು ಎದುರಿಗೆ ಹಿಂದೆ ಸರಿದ ಸೇನಾಧಿಪತಿಗಳು ಚರಿತ್ರೆಯಲ್ಲಿ ಬೇಕಾದಷ್ಟಿದ್ದಾರೆ. ಪಿಂಚಣಿಯನ್ನು ಇಷ್ಟು ದೂರ ಅಟ್ಟಿಸಿಕೊಂಡು ಹೋದವರು ಕಡಿಮೆ. ನಡುವೆ ಒಮ್ಮೆ, 2019ರಲ್ಲಿ, ಐಎಸ್‌ಐ ಮುಖ್ಯಸ್ಥನ ಕುರ್ಚಿಯಲ್ಲಿ ಎಂಟೇ ತಿಂಗಳು ಕೂರಿಸಿ ಎತ್ತಂಗಡಿ ಮಾಡಲಾಗಿತ್ತು. ಆಗ ಪ್ರಧಾನಿಯಾಗಿದ್ದ ಇಮ್ರಾನ್ ಖಾನ್ 2023ರ ಆಗಸ್ಟಿನಿಂದ ಜೈಲಿನಲ್ಲಿದ್ದಾರೆ. ಒಂದಕ್ಕೊಂದು ಸಂಬಂಧ ಇದೆ ಅಂತ ನಾನಂತೂ ಹೇಳುವುದಿಲ್ಲ. ಹೇಳುವವರು ಅಲ್ಲೇ ಬೇಕಾದಷ್ಟು ಜನ ಇದ್ದಾರೆ.

ಫೀಲ್ಡ್ ಮಾರ್ಷಲ್ ಅಂದಾಗ ನಮ್ಮ ಕೊಡಗಿನ ಕಾರ್ಯಪ್ಪನವರು ನೆನಪಾಗದೆ ಇರುತ್ತಾರೆಯೇ? 1953ರಲ್ಲಿ ನಿವೃತ್ತಿಯಾದರು, ಆ ಪದವಿ ಬಂದದ್ದು 1986ರಲ್ಲಿ. ಮೂವತ್ತಮೂರು ವರ್ಷ! ಯಾರನ್ನೂ ಕೇಳಲಿಲ್ಲ, ಯಾವ ತಿದ್ದುಪಡಿಯನ್ನೂ ಮಾಡಿಸಲಿಲ್ಲ. 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಆಗ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್; ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಹಳೆಯ ಗುರುತಿಗೆ ಮಗನನ್ನು ಬಿಟ್ಟುಬಿಡುತ್ತೇನೆ ಅಂದರಂತೆ. ಸೆರೆಯಲ್ಲಿರುವ ಸೈನಿಕರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಅಂದರಂತೆ ಇವರು. ಮಡಿಕೇರಿ ಕಡೆ ಈ ಕಥೆಯನ್ನು ಇಂದಿಗೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಹೇಳುತ್ತಾರೆ.

ಆ ಅಯೂಬ್ ಖಾನರೇ ಮುನೀರ್ ಸಾಹೇಬರಿಗಿಂತ ಮುಂಚೆ ಪಾಕಿಸ್ತಾನಕ್ಕಿದ್ದ ಏಕೈಕ ಫೀಲ್ಡ್ ಮಾರ್ಷಲ್. 1958ರಲ್ಲಿ ದೇಶವನ್ನು ಕೈಗೆ ತೆಗೆದುಕೊಂಡರು, ಮರುವರ್ಷ ತಮ್ಮದೇ ಸರ್ಕಾರದಿಂದ ತಮಗೇ ಪದವಿ ಕೊಡಿಸಿಕೊಂಡರು. ಯುದ್ಧಕ್ಕೆ ಇಳಿದದ್ದು ಆಮೇಲೆ. ಕಾಶ್ಮೀರಕ್ಕೆ ನುಸುಳುಕೋರರನ್ನು ಕಳಿಸಿದರೆ ಜನ ದಂಗೆಯೆದ್ದು ಬಂದು ತಬ್ಬಿಕೊಳ್ಳುತ್ತಾರೆ ಎಂಬುದು 1965ರ ಲೆಕ್ಕಾಚಾರ. ಜನ ಏಳಲಿಲ್ಲ, ನಮ್ಮ ಸೇನೆ ಲಾಹೋರಿನ ಕಡೆಗೆ ನಡೆಯಿತು. ಪರವಾಗಿಲ್ಲ, ಪದವಿಯನ್ನು ಅಡ್ವಾನ್ಸಾಗಿಯೇ ಪಡೆದಾಗಿತ್ತಲ್ಲ.

ಮುನೀರ್ ಸಾಹೇಬರು ಅಷ್ಟು ಅವಸರದವರಲ್ಲ, ಪೆಟ್ಟು ಬೀಳುವ ತನಕ ಕಾದರು. 2025ರ ಏಪ್ರಿಲ್ ನಡುವಿನಲ್ಲಿ ಹೊರದೇಶದ ಪಾಕಿಸ್ತಾನಿಗಳನ್ನು ಕೂರಿಸಿಕೊಂಡು, ಹಿಂದೂಗಳೇ ಬೇರೆ ನಾವೇ ಬೇರೆ, ಕಾಶ್ಮೀರ ನಮ್ಮ ಕೊರಳ ನರ ಎಂದು ಭಾಷಣ ಮಾಡಿದರು. ವಾರ ಕಳೆಯುವಷ್ಟರಲ್ಲಿ ಪಹಲ್ಗಾಮ್. ಮೇ 7ಕ್ಕೆ ಆಪರೇಷನ್ ಸಿಂಧೂರ. ಮೇ 10ರ ನಸುಕಿನ ಎರಡೂವರೆಗೆ ಸಾಹೇಬರು ಪ್ರಧಾನಿಗೆ ಫೋನ್ ಮಾಡಿ, ನೂರ್ ಖಾನ್ ವಾಯುನೆಲೆಗೆ ಕ್ಷಿಪಣಿ ಬಿತ್ತು ಅಂತ ತಿಳಿಸಿದರು. ಇದು ನಾನು ಕಟ್ಟಿದ್ದಲ್ಲ, ಶೆಹಬಾಜ್ ಷರೀಫರೇ ತುಂಬಿದ ಸಭೆಯಲ್ಲಿ ಹೇಳಿದ್ದು. ನೂರ್ ಖಾನ್ ಇರುವುದು ರಾವಲ್ಪಿಂಡಿಯಲ್ಲಿ; ಸೇನೆಯ ಕೇಂದ್ರ ಕಚೇರಿ ಇರುವುದೂ ಅದೇ ರಾವಲ್ಪಿಂಡಿಯಲ್ಲಿ. ಆ ಫೋನ್ ಆದ ಹತ್ತೇ ದಿನಕ್ಕೆ ಫೀಲ್ಡ್ ಮಾರ್ಷಲ್. ಫೋನ್ ಮಾಡದೆ ಇನ್ನೊಂದು ಗಳಿಗೆ ಮಲಗಿದ್ದರೆ ಏನು ಕೊಡುತ್ತಿದ್ದರೋ.

ನಗುವ ಮುಂಚೆ ನಮ್ಮ ಟಿವಿಗಳನ್ನೂ ಒಮ್ಮೆ ನೆನೆಯಿರಿ. ಆ ರಾತ್ರಿಗಳಲ್ಲಿ ನಮ್ಮ ನಿರೂಪಕರು ಕರಾಚಿ ಬಂದರನ್ನು ಸುಟ್ಟು, ಇಸ್ಲಾಮಾಬಾದಿಗೆ ನುಗ್ಗಿ, ಜಾಹೀರಾತಿಗೆ ಬಿಡುವು ಕೊಟ್ಟು ಮತ್ತೆ ನುಗ್ಗಿದ್ದರು. ನಮ್ಮ ವಿಮಾನಗಳೂ ಬಿದ್ದಿವೆ ಅನ್ನುವುದನ್ನು ಸೇನಾಪಡೆಗಳ ಮುಖ್ಯಸ್ಥರು ಕೊನೆಗೆ ಸಿಂಗಾಪುರಕ್ಕೆ ಹೋಗಿ ಒಪ್ಪಿಕೊಂಡರು. ಸ್ಟುಡಿಯೊದಲ್ಲೂ ಫೀಲ್ಡ್ ಮಾರ್ಷಲ್ ಪದವಿ ಕೊಡುವುದಾದರೆ ನಮ್ಮಲ್ಲಿ ನೂಕುನುಗ್ಗಲಾಗುತ್ತದೆ.

ಆಮೇಲಿನದು ರಾಜತಾಂತ್ರಿಕ ಪರ್ವ. ಜೂನ್ 18ಕ್ಕೆ ಶ್ವೇತಭವನದಲ್ಲಿ ಟ್ರಂಪ್ ಜತೆ ಊಟ. ಊಟದ ಋಣಕ್ಕೆ ಎರಡು ಮೂರು ದಿನದಲ್ಲೇ ಟ್ರಂಪ್ ಹೆಸರನ್ನು ಶಾಂತಿ ನೊಬೆಲ್‌ಗೆ ಸೂಚಿಸುವುದಾಗಿ ಪಾಕಿಸ್ತಾನ ಘೋಷಿಸಿತು. ಶಾಂತಿದೂತರು ಮರುದಿನವೇ ಇರಾನಿನ ಮೇಲೆ ಬಾಂಬ್ ಹಾಕಿದರು. ಪಾಕಿಸ್ತಾನ ಖಂಡಿಸಿತು. ಸೆಪ್ಟೆಂಬರಿನಲ್ಲಿ ಸಾಹೇಬರು ಮರದ ಪೆಟ್ಟಿಗೆಯಲ್ಲಿ ಖನಿಜದ ಕಲ್ಲುಗಳನ್ನಿಟ್ಟುಕೊಂಡು ಮತ್ತೆ ಟ್ರಂಪ್ ಮುಂದೆ ನಿಂತರು. ಆ ಫೋಟೊ ನೋಡಿ ಪಾಕಿಸ್ತಾನದ ಸೆನೆಟರೊಬ್ಬರೇ, ಇದೇನು ಸೇನಾ ಮುಖ್ಯಸ್ಥರೋ ಅಂಗಡಿಯ ಸೇಲ್ಸ್‌ಮನ್ನೋ ಅಂತ ಗೇಲಿ ಮಾಡಿದರು.

ಈ ಎಲ್ಲದರ ಹಿಂದಿನ ತತ್ವಶಾಸ್ತ್ರ ಹೊರಬಿದ್ದದ್ದು ಆಗಸ್ಟಿನಲ್ಲಿ, ಅಮೆರಿಕದ ಟ್ಯಾಂಪಾದ ಔತಣದಲ್ಲಿ. ವರದಿಯಾದಂತೆ ಸಾಹೇಬರ ಮಾತು ಇಷ್ಟು: ಭಾರತ ಹೆದ್ದಾರಿಯಲ್ಲಿ ಹೊಳೆಯುತ್ತ ಬರುವ ಮರ್ಸಿಡಿಸ್ ಕಾರು, ನಾವು ಜಲ್ಲಿ ತುಂಬಿದ ಟಿಪ್ಪರ್, ಡಿಕ್ಕಿ ಹೊಡೆದರೆ ನಷ್ಟ ಯಾರಿಗೆ? ಅವರ ಗೃಹಮಂತ್ರಿ ಆಮೇಲೆ ಇದನ್ನೇ ಹೆಮ್ಮೆಯಿಂದ ಊರಿಗೆಲ್ಲ ಸಾರಿದರು. ತನ್ನ ದೇಶವನ್ನು ಬೇರೆ ಯಾರಾದರೂ ಜಲ್ಲಿ ಲಾರಿ ಅಂದಿದ್ದರೆ ರಾಯಭಾರಿಯನ್ನು ಕರೆಸಿ ಪ್ರತಿಭಟನೆ ದಾಖಲಿಸುತ್ತಿದ್ದರು. ಪಾಕಿಸ್ತಾನದ ಲಾರಿಗಳೋ, ನವಿಲು, ಹುಲಿ, ಹೂಬಳ್ಳಿ ಅಂತ ಮೈತುಂಬ ಚಿತ್ರ ಬರೆಸಿಕೊಂಡು ಮದುಮಗಳ ಹಾಗೆ ಬರುವಂಥವು. ಎಷ್ಟೋ ಲಾರಿಗಳ ಹಿಂಬದಿಯಲ್ಲಿ ಅಯೂಬ್ ಖಾನರದೇ ಚಿತ್ರ, ಕೆಳಗೆ ‘ನೀನು ಹೋದ ಮೇಲೆ ನಿನ್ನ ನೆನಪಾಯಿತು’ ಎಂಬ ಸಾಲು. ಆಮೇಲೆ ಬಂದವರ ಬಗ್ಗೆ ಇದಕ್ಕಿಂತ ಕಠೋರವಾದ ವಿಮರ್ಶೆಯನ್ನು ಯಾವ ಸಂಪಾದಕೀಯವೂ ಬರೆದಿಲ್ಲ.

ತಮಾಷೆ ಸಾಕು. ಆ ಟಿಪ್ಪರಿನಲ್ಲಿರುವುದು ಜಲ್ಲಿಯಲ್ಲ, ಮನುಷ್ಯರು. ಸಾಲ ಕೊಡಿ ಅಂತ ಐಎಂಎಫ್ ಬಾಗಿಲು ಬಡಿದ ವರ್ಷವೇ ಒಟ್ಟು ಖರ್ಚು ಕಡಿತ ಮಾಡಿ, ರಕ್ಷಣಾ ಬಜೆಟ್ಟನ್ನು ಮಾತ್ರ ಶೇ 20ರಷ್ಟು ಏರಿಸಿಕೊಂಡ ದೇಶದಲ್ಲಿ ಹಿಟ್ಟಿನ ಬೆಲೆ ಕೇಳಿ ಅಂಗಡಿಯಿಂದ ವಾಪಸಾಗುವವರು. ಎದುರಿಗೆ ಬರುವ ಕಾರಿನಲ್ಲೂ ಮನುಷ್ಯರೇ. ಪಹಲ್ಗಾಮಿನಲ್ಲಿ ಹೆಂಡತಿ ಮಕ್ಕಳ ಕಣ್ಣೆದುರು ಗುಂಡು ಹೊಡೆಸಿಕೊಂಡವರು ಹೆದ್ದಾರಿಯಲ್ಲಿ ಮೆರೆಯಲು ಹೋದವರಲ್ಲ, ರಜೆಗೆ ಹೋದವರು. ಸತ್ತವರು ಒಟ್ಟು 26 ಜನ. ಒಂದು ಶವಪೆಟ್ಟಿಗೆ ಶಿವಮೊಗ್ಗಕ್ಕೂ ಬಂತು. ಡಿಕ್ಕಿಯಲ್ಲಿ ನಷ್ಟ ಯಾರಿಗೆ ಅಂತ ಊಟದ ಮೇಜಿನಲ್ಲಿ ಒಗಟು ಹೇಳಿದರಲ್ಲ, ಅದನ್ನು ಓದಿ ನನಗೆ ನಗು ಬರಲಿಲ್ಲ. ಸಿಟ್ಟೂ ಈಗೀಗ ಬೇಗ ದಣಿಯುತ್ತದೆ.

ಒಗಟಿಗೆ ಉತ್ತರ ಮಾತ್ರ 27ನೇ ತಿದ್ದುಪಡಿಯಲ್ಲೇ ಇದೆ. ಫೀಲ್ಡ್ ಮಾರ್ಷಲರ ಮೇಲೆ ಜೀವಮಾನವಿಡೀ ಯಾವ ಕ್ರಿಮಿನಲ್ ಕೇಸೂ ಹಾಕುವಂತಿಲ್ಲ. ಪ್ರಧಾನಿಯನ್ನು ಸರಳ ಬಹುಮತದಲ್ಲಿ ಇಳಿಸಬಹುದು, ಇವರನ್ನು ಅಲುಗಾಡಿಸಲು ಸಂಸತ್ತಿನ ಮೂರನೇ ಎರಡು ಪಾಲು ಬೇಕು. ಅಂದರೆ ಟಿಪ್ಪರ್ ಯಾರ ಮೇಲೆ ಹರಿದರೂ ಡ್ರೈವರ್ ಮೇಲೆ ಎಫ್‌ಐಆರ್ ಇಲ್ಲ. ಹಾಗಾದರೆ ಠಾಣೆಗೆ ಹೋಗಿ ಕೂರುವವರು ಯಾರು? ಪಕ್ಕದ ಸೀಟಿನಲ್ಲಿ ಕ್ಲೀನರ್ ಶೆಹಬಾಜ್ ಷರೀಫರಿದ್ದಾರೆ. ಅವರಿಗೂ ಇಂಥದೇ ರಕ್ಷಣೆ ಕೊಡುವ ಪ್ರಸ್ತಾಪ ಬಂದಿತ್ತು. ಪ್ರಧಾನಿಯಾದವನು ಕಾನೂನಿಗೆ ತಲೆಬಾಗಬೇಕು ಅಂತ ಅವರೇ ವಾಪಸ್ ತೆಗೆಸಿದರು.