ಸತ್ಯಾಂಶ: ಕೆರೆಯಂಚಿನ ನೀರುಬ್ರಾಹ್ಮಿ ತಿನ್ನಬಹುದೇ?

"ನೀರುಬ್ರಾಹ್ಮಿ ಕೆರೆಯ ಕೊಳೆಯನ್ನೆಲ್ಲ ಹೀರುತ್ತದೆ. ಅದು ಬೆಳೆದ ಕಡೆ ನೀರು, ಮೀನು ಎರಡೂ ಶುದ್ಧ. ಎಲೆ ಕಿತ್ತು ತಂದು ತಂಬುಳಿ ಮಾಡಿ." ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಹೀಗೊಂದು ಸಂದೇಶ ಓಡಾಡುತ್ತಿದೆ.

ಮೊದಲ ಮಾತು ಅರ್ಧ ನಿಜ. ಈ ಗಿಡ ಕ್ಯಾಡ್ಮಿಯಂ, ಕ್ರೋಮಿಯಂನಂಥ ಲೋಹಗಳನ್ನು ಹೀರಿಕೊಳ್ಳುವುದು ಸಂಶೋಧನೆಗಳಲ್ಲಿ ಕಂಡುಬಂದಿದೆ. ಆದರೆ ಹೀರಿದ್ದು ಎಲ್ಲಿಗೆ ಹೋಯಿತು? ಬೇರು, ಕಾಂಡ, ಎಲೆಯಲ್ಲೇ ಉಳಿಯಿತು. ತೊಳೆದರೆ ಹೊರಗಿನ ಕೆಸರು ಹೋದೀತು, ಒಳಗಿನ ಲೋಹ ಹೋಗದು. ಕುದಿಸಿದರೂ ಅದು ನಾಶವಾಗುವುದಿಲ್ಲ. ಕೊಳಚೆ ಸೇರಿದ ಬೆಳ್ಳಂದೂರು, ವರ್ತೂರಿನಂಥ ಕೆರೆಗಳ ಸೊಪ್ಪನ್ನು ದಯವಿಟ್ಟು ಮಕ್ಕಳ ತಟ್ಟೆಗೆ ಹಾಕಬೇಡಿ.

ಇನ್ನು ಮೀನು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನೆನಪಿರಬಹುದು. ಕೊಳಚೆ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖಾಲಿಯಾಗುತ್ತದೆ. ಕಟ್ಲಾ, ರೋಹು ಸಾಕುವ ಹೊಂಡದಲ್ಲಿ ಅದು ಲೀಟರಿಗೆ ಸುಮಾರು 5 ಮಿಲಿಗ್ರಾಂ ಇರಬೇಕು. ಅಳೆದೇ ತಿಳಿಯಬೇಕು, ದಡದ ಗಿಡ ನೋಡಿ ಹೇಳಲಾಗದು.

ಅಂದಹಾಗೆ, ನಮ್ಮ ತಂಬುಳಿಯ ಸೊಪ್ಪು ಒಂದೆಲಗ: ಉದ್ದ ತೊಟ್ಟು, ದುಂಡನೆಯ ಎಲೆ. ನೀರುಬ್ರಾಹ್ಮಿಯದು ಪುಟ್ಟ, ದಪ್ಪ ಎಲೆ, ಬಿಳಿ ಇಲ್ಲವೇ ತಿಳಿನೇರಳೆ ಹೂ. ಎರಡೂ ಮನೆಯ ಕುಂಡದಲ್ಲಿ, ಒಳ್ಳೆಯ ಮಣ್ಣು-ನೀರಿನಲ್ಲಿ ಸೊಗಸಾಗಿ ಹಬ್ಬುತ್ತವೆ.