ನೀರಿಗೆ ಬಿದ್ದವನಿಗೆ ಟವೆಲ್ಲಾದರೂ ಕೊಡ್ರಪ್ಪ

‘ನಿಮಗೆ ಗೊತ್ತಾ?’ ಅಂತ ಶುರುವಾಗುವ ವಿಡಿಯೊ ಕಂಡರೆ ನನಗೆ ಮೈ ಉರಿಯುತ್ತದೆ. ಗೊತ್ತು ಅಂದರೂ ಹೇಳುತ್ತಾರೆ, ಗೊತ್ತಿಲ್ಲ ಅಂದರೂ ಹೇಳುತ್ತಾರೆ. ಈ ಸಲ ಕ್ರಿಸ್‌ಮಸ್ ರಜೆಗೆ ಡಲ್ಲಾಸ್‌ನಿಂದ ಬಂದಿದ್ದ ಅಕ್ಕನ ಮಗ ಊಟಕ್ಕೆ ಕೂತಲ್ಲೇ ಫೋನ್ ಹಿಡಿದ. ‘ಮಾವ, ಇದು ನೋಡು, ಸೂಪರ್ ಇದೆ.’ ಅಡೆತಡೆ ದಾಟಿ ಓಡುವ ಅಮೆರಿಕದ ಟಿವಿ ಸ್ಪರ್ಧೆ ಅಮೆರಿಕನ್ ನಿಂಜಾ ವಾರಿಯರ್‌ನ ತೆರೆಮರೆಯ ಸಂಗತಿಗಳು. ಹಿಂದುಗಡೆ ಡಿಂಗ್ ಡಿಂಗ್ ಸಂಗೀತ. ಲಾಟರಿ ಹೊಡೆದವರ ದನಿಯಲ್ಲಿ ಒಬ್ಬಾಕೆ ಹೇಳುತ್ತಿದ್ದಾಳೆ: ನಿಮಗೆ ಗೊತ್ತಾ, ಸ್ಪರ್ಧಿಗಳಿಗೆ ಸಂಬಳವೇ ಇಲ್ಲ! ನಿಮಗೆ ಗೊತ್ತಾ, ಮೊದಲ ಸುತ್ತುಗಳಿಗೆ ಬರೋ ಹೋಗೋ ಖರ್ಚು ಅವರದ್ದೇ! ನಿಮಗೆ ಗೊತ್ತಾ, ಶೂಟಿಂಗ್ ಇಡೀ ರಾತ್ರಿ!

ಡಿಂಗ್.

ನಮ್ಮ ಕಡೆ ಇದನ್ನು ಕುತೂಹಲದ ಸಂಗತಿ ಅನ್ನಲ್ಲ. ದೂರು ಅಂತಾರೆ. ಬರೆದು, ಸಹಿ ಹಾಕಿ, ಕಾರ್ಮಿಕ ಇಲಾಖೆಗೆ ಕೊಟ್ಟು ಬರುತ್ತಾರೆ.

ಆದರೆ ಅಮೆರಿಕದವರ ಜಾಣತನಕ್ಕೆ ತಲೆಬಾಗಲೇಬೇಕು. ಸೂರ್ಯ ಮುಳುಗಿದ ಮೇಲೆ ಶುರು ಮಾಡಿ, ಸೂರ್ಯ ಹುಟ್ಟುವ ತನಕ ಓಡಿಸುತ್ತಾರೆ. ದೀಪದ ಬೆಳಕು ಚೆನ್ನಾಗಿ ಬೀಳುತ್ತದಲ್ಲ, ಅದಕ್ಕೆ. ನಾವು ಸಂಜೆ ಹೊತ್ತು ಅವಲಕ್ಕಿ ತಿನ್ನುತ್ತಾ ನೋಡುವ ಆ ಹುಡುಗ ಹಗ್ಗಕ್ಕೆ ಜೋತುಬಿದ್ದದ್ದು ಬೆಳಗಿನ ಜಾವ ನಾಲ್ಕಕ್ಕೂ ಇರಬಹುದು. ಅಡೆತಡೆಗಳನ್ನು ಮುಂಚೆ ಮುಟ್ಟಿ ನೋಡುವ ಹಾಗಿಲ್ಲ. ಅವನ್ನು ಪರೀಕ್ಷೆ ಮಾಡೋಕೆ ಬೇರೆಯವರಿದ್ದಾರೆ. ಇವನು ತನ್ನ ಸರದಿ ಬರುವ ತನಕ ಮೈ ತಣ್ಣಗಾಗದ ಹಾಗೆ ಕುಣಿಯುತ್ತಾ ನಿಂತಿರಬೇಕು. ಆಮೇಲೆ ಹಾರಬೇಕು. ಆಮೇಲೆ, ಸಾಮಾನ್ಯವಾಗಿ, ನೀರಿಗೆ ಬೀಳಬೇಕು.

ನಮ್ಮ ಯಕ್ಷಗಾನದ ಬಯಲಾಟವೂ ರಾತ್ರಿಯಿಡೀ ನಡೆಯುತ್ತದೆ. ಅಲ್ಲೂ ಬೆಳಗಿನ ಜಾವಕ್ಕೆ ಜನ ಕೂತಲ್ಲೇ ತೂಕಡಿಸುತ್ತಾರೆ. ಆದರೆ ಅಲ್ಲಿ ಕೋಡಂಗಿ ವೇಷದ ಹುಡುಗನಿಗೂ ಏನೋ ಒಂದಿಷ್ಟು ಕೊಡುತ್ತಾರೆ. ಚಾ ಅಂತೂ ಇದ್ದೇ ಇರುತ್ತದೆ.

ಇನ್ನೊಂದು ಡಿಂಗ್. ಓಡಿದವರೆಲ್ಲ ಟಿವಿಯಲ್ಲಿ ಬರುವುದಿಲ್ಲವಂತೆ. ಕೆಲವರದ್ದು ಪೂರ್ತಿ, ಕೆಲವರದ್ದು ಸರಸರನೆ ಓಡಿಸಿದ ತುಣುಕು, ಉಳಿದವರದ್ದು ಏನೂ ಇಲ್ಲ. ಯೋಚನೆ ಮಾಡಿ. ಒಂದು ವರ್ಷ ಕಸರತ್ತು ಮಾಡಿ, ಸ್ವಂತ ದುಡ್ಡಲ್ಲಿ ವಿಮಾನ ಹತ್ತಿ, ರಾತ್ರಿ ನಿದ್ದೆಗೆಟ್ಟು, ತಣ್ಣೀರಿಗೆ ಬಿದ್ದು ಮನೆಗೆ ಬಂದಿದ್ದೀರಿ. ಅಕ್ಕಪಕ್ಕದವರನ್ನೆಲ್ಲ ಕರೆದು ಟಿವಿ ಮುಂದೆ ಕೂರಿಸಿದ್ದೀರಿ. ಬಂದಿರಿ, ಬಿದ್ದಿರಿ, ಮುಗಿಯಿತು. ಅಷ್ಟರಲ್ಲಿ ಪಕ್ಕದ ಮನೆಯವರು ಚಕ್ಕುಲಿ ಮುರಿಯಲು ತಲೆ ಬಗ್ಗಿಸಿದ್ದರು.

ಪೂರ್ತಿ ತೋರಿಸಬೇಕಾದರೆ ನಿಮ್ಮ ಹತ್ತಿರ ಕಥೆ ಇರಬೇಕು. ಬರೀ ತೋಳು ಇದ್ದರೆ ಸಾಲದು. ಅರ್ಜಿಯ ಜೊತೆ ವಿಡಿಯೊ ಕಳಿಸಬೇಕು, ಉದ್ದದ ಪ್ರಶ್ನೆಪಟ್ಟಿ ತುಂಬಬೇಕು. ಮನೆಯಲ್ಲಿ ಕಾಯಿಲೆ ಇದೆಯಾ? ಸೋತು ಎದ್ದಿದ್ದೀರಾ? ಯಾರಿಗೋಸ್ಕರ ಓಡುತ್ತಿದ್ದೀರಿ? ನಮ್ಮ ಹಾಡಿನ ಸ್ಪರ್ಧೆಗಳಲ್ಲೂ ಇದೇ ತಾನೆ. ಶ್ರುತಿ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ, ಕಣ್ಣೀರು ಸರಿಯಾದ ತಾಳಕ್ಕೆ ಬೀಳಬೇಕು. ಸುಖವಾಗಿ ಬೆಳೆದವನು, ಎರಡು ಹೊತ್ತು ಉಂಡವನು, ಅಪ್ಪ ಅಮ್ಮ ಚೆನ್ನಾಗಿರುವವನು ಎಷ್ಟೇ ಚೆನ್ನಾಗಿ ಹಾರಿದರೂ ಅವನು ಬರೀ ಹಾರಿದವನು.

ನನ್ನ ಅಮ್ಮನಿಗೆ ಈ ಆಟದಲ್ಲಿ ಆಸಕ್ತಿ ಹುಟ್ಟಿಸಿದ್ದು ಮಾತ್ರ ಬೇರೆಯೇ ಸಂಗತಿ. ಕಾಮೆಂಟರಿ ಹೇಳುವ ಮ್ಯಾಟ್ ಐಸ್‌ಮನ್ ಡಾಕ್ಟರಂತೆ. ಸುಮ್ನೆ ಹೆಸರಿಗಲ್ಲ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದವರು. ಅದು ಬಿಟ್ಟು ಹಾಸ್ಯ ಮಾಡಲು ಹೋದರು, ಆಮೇಲೆ ಈ ಕೂಗಾಟ. ಅಮ್ಮ ತುತ್ತು ಬಿಟ್ಟು ಕೇಳಿದರು: ‘ಅವನ ತಾಯಿ ಇದ್ದಾಳಾ?’ ಗೊತ್ತಿಲ್ಲ ಅಂದೆವು. ‘ಪಾಪ’ ಅಂದರು. ಪಾಪ ಯಾರಿಗೆ ಅಂತ ಹೇಳಲಿಲ್ಲ. ಜೊತೆಗೆ ಕೂಗುವ ಅಕ್ಬರ್ ಬಾಜಾಬಿಯಾಮಿಲಾ ಅಮೆರಿಕನ್ ಫುಟ್‌ಬಾಲ್ ಆಡಿದವರು. ಅವರ ಬಗ್ಗೆ ಅಮ್ಮನ ತಕರಾರಿಲ್ಲ. ಆಟದವನು ಆಟದ ಹತ್ತಿರವೇ ಇದ್ದಾನೆ, ಸರಿಯಾಗಿದೆ. ಆದರೆ ಡಾಕ್ಟರ್ ಓದಿದವನು ಬಿದ್ದವರನ್ನು ಎತ್ತುವುದು ಬಿಟ್ಟು ‘ಓ ಓ ಓ ಬಿದ್ದ’ ಅನ್ನುವುದಾ? ಈ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ.

ಬೀಳುವವರನ್ನು ನೋಡಿ ನಗುವುದನ್ನು ನಮಗೆ ಕಲಿಸಿದ್ದು ಅಮೆರಿಕ ಅಲ್ಲ ಬಿಡಿ, ಪೋಗೊ ಚಾನೆಲ್. ಟಕೇಶೀಸ್ ಕ್ಯಾಸಲ್, ಜನ ಬಿದ್ದೆದ್ದು ಕೋಟೆ ಗೆಲ್ಲಲು ಹೋಗುವ ಜಪಾನಿನ ಟಿವಿ ಆಟ. ಜಾವೇದ್ ಜಾಫ್ರಿ ಹಿಂದಿಯಲ್ಲಿ ಬಾಯಿಗೆ ಬಂದಿದ್ದು ಹೇಳುತ್ತಿದ್ದರು. ಜಪಾನಿನ ಯಾವನೋ ಪಾಪದವನಿಗೆ ನಮ್ಮ ಕಡೆಯ ಹೆಸರಿಟ್ಟು, ಅವನ ಜಾತಕ ಹೇಳಿ, ಕೆಸರಿಗೆ ಬೀಳಿಸುತ್ತಿದ್ದರು. ಹಿಂದಿ ಬಾರದ ನಮ್ಮ ಕೇರಿಯ ಮಕ್ಕಳಿಗೂ ಪೂರ್ತಿ ಅರ್ಥವಾಗುತ್ತಿತ್ತು. ಬೀಳುವುದಕ್ಕೆ ಭಾಷೆ ಬೇಕಾ? ನೀರಿನಲ್ಲಿ ಕಲ್ಲಿಂದ ಕಲ್ಲಿಗೆ ಹಾರುವ ಆಟ ಇತ್ತಲ್ಲ, ಕೆಲವು ಕಲ್ಲು ಗಟ್ಟಿ, ಕೆಲವು ಮೋಸ. ಅದನ್ನು ಮನೆ ಹಿಂದಿನ ಹಳ್ಳದಲ್ಲಿ ಆಡಲು ಹೋಗಿ ಪಕ್ಕದ ಮನೆಯ ಹುಡುಗ ಮುಂದಿನ ಹಲ್ಲು ಅರ್ಧ ಮುರಿದುಕೊಂಡ. ಅಳಲಿಲ್ಲ. ರಕ್ತ ಉಗಿದು ‘ನಾನು ಗೆದ್ದೆ’ ಅಂದ. ಈಗ ಅವನು ಬ್ಯಾಂಕಿನಲ್ಲಿದ್ದಾನೆ. ನಕ್ಕರೆ ಆ ಹಲ್ಲು ಇನ್ನೂ ಕಾಣುತ್ತದೆ.

ಅವನಿಗೆ ಹೇಳಿದರೆ ಬೇಜಾರಾಗಬಹುದು: ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದ ಆ ಯುದ್ಧ 1986ರಲ್ಲಿ ಶುರುವಾಗಿ 1990ಕ್ಕೇ ಮುಗಿದಿತ್ತು. ನಾವು ಹದಿನೈದು ಇಪ್ಪತ್ತು ವರ್ಷ ಹಳೆಯ ಪೆಟ್ಟಿಗೆ ನಗುತ್ತಿದ್ದೆವು. ಕೋಟೆಯ ದೊರೆ ಟಕೇಶಿ ಕಿಟಾನೊ ಅಂದರೆ ಸಾಮಾನ್ಯರಲ್ಲ, ಮುಂದೆ 1997ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಗೋಲ್ಡನ್ ಲಯನ್ ಗೆದ್ದ ನಿರ್ದೇಶಕ. 1986ರ ಡಿಸೆಂಬರ್‌ನಲ್ಲಿ ಒಂದು ಪತ್ರಿಕೆಯ ಮೇಲೆ ಸಿಟ್ಟಾಗಿ, ಶಿಷ್ಯರನ್ನು ಕಟ್ಟಿಕೊಂಡು ಅದರ ಕಚೇರಿಗೇ ನುಗ್ಗಿದರು. ಆಮೇಲೆ ಕೆಲವು ತಿಂಗಳು ಟಿವಿಗೆ ಬರುವಂತಿರಲಿಲ್ಲ. ಕಾರ್ಯಕ್ರಮ ನಿಂತಿತಾ? ಇಲ್ಲ. ಬೇರೆ ಒಬ್ಬರ ತಲೆಗೆ ದೊಡ್ಡ ಕಾಗದದ ಟಕೇಶಿ ತಲೆ ಇಟ್ಟು ಸಿಂಹಾಸನದ ಮೇಲೆ ಕೂರಿಸಿದರು. ದೊರೆ ಇದ್ದಾರೆ, ಕೈ ಬೀಸುತ್ತಾರೆ, ಆಳ್ವಿಕೆ ನಡೆಯುತ್ತಿದೆ. ಇದನ್ನು ಓದಿ ನಾನು ನಗಲಿಲ್ಲ. ನಮ್ಮ ಎಷ್ಟು ಕುರ್ಚಿಗಳ ಮೇಲೆ ಕಾಗದದ ತಲೆ ಕೂತಿದೆ ಅಂತ ಎಣಿಸತೊಡಗಿದೆ. ಬೆರಳು ಸಾಲಲಿಲ್ಲ.

ಆ ಕೋಟೆ ಇದ್ದದ್ದು ಯೊಕೊಹಾಮಾದ ಮಿಡೊರಿಯಾಮಾದಲ್ಲಿ. ಹಸಿರು ಬೆಟ್ಟ ಅಂತ ಅರ್ಥ. ನಮ್ಮಲ್ಲಿ ಹಸಿರು ಬೆಟ್ಟ ಸಿಕ್ಕರೆ ರೆಸಾರ್ಟ್ ಕಟ್ಟುತ್ತಾರೆ, ಅವರು ಜನರನ್ನು ಬೀಳಿಸುವ ಸ್ಟುಡಿಯೊ ಕಟ್ಟಿದರು. 1997ರಲ್ಲಿ ಬೇರೆ ಕಡೆ ಶುರುವಾದ ‘ಸಾಸುಕೆ’ ಮರುವರ್ಷ ಅದೇ ಬೆಟ್ಟಕ್ಕೆ ಬಂತು. ಅಮೆರಿಕನ್ ನಿಂಜಾದ ಮೂಲ ಅದೇ. ಒಂದೊಂದು ಸಲಕ್ಕೆ ನೂರು ಜನ, ನಾಲ್ಕು ಹಂತ. ಒಲಿಂಪಿಕ್ ಪದಕ ಗೆದ್ದ ಜಿಮ್ನಾಸ್ಟ್‌ಗಳೂ ಬಂದು ಸೋತು ಹೋಗಿದ್ದಾರೆ. ಪೂರ್ತಿ ಗೆದ್ದ ಮೊದಲಿಗ 1999ರಲ್ಲಿ, ಕಜುಹಿಕೊ ಅಕಿಯಾಮಾ, ಏಡಿ ಹಿಡಿಯುವವರು. ಎರಡನೆಯವರು 2006ರಲ್ಲಿ, ಮಕೊಟೊ ನಗಾನೊ, ಮೀನಿನ ದೋಣಿಯವರು. ಮೂರನೆಯವರು ಶೂ ಮಾರುತ್ತಿದ್ದರು. ಇದನ್ನು ಮಾತ್ರ ನಾನು ಡಿಂಗ್ ಇಲ್ಲದೆಯೂ ಖುಷಿಯಿಂದ ಕೇಳಿದೆ.

ಆಮೇಲೆ ವೈಪ್‌ಔಟ್. ಅಮೆರಿಕದ ಇನ್ನೊಂದು ಟಿವಿ ಸ್ಪರ್ಧೆ. ದೊಡ್ಡ ಕೆಂಪು ಚೆಂಡುಗಳು, ಅವುಗಳ ಮೇಲಿಂದ ಜಾರಿ ಬೀಳುವ ಜನ. ತೆರೆಮರೆಯ ಸಂಗತಿ ಏನಂದರೆ, ಎಷ್ಟೋ ದೇಶದವರು ತಮ್ಮದೇ ಅಂತ ತೋರಿಸಿಕೊಂಡದ್ದು ಅರ್ಜೆಂಟೀನಾದ ಒಂದೇ ಮೈದಾನವನ್ನು. ಬ್ರಿಟನ್ನಿನವರು ಅಲ್ಲಿಗೆ ಹೋಗಿ ಬಿದ್ದರು, ಅವರ ನಿರೂಪಕರಲ್ಲಿ ಒಬ್ಬರು ಲಂಡನ್ನಿನಲ್ಲೇ ಬೆಚ್ಚಗೆ ಕೂತು ವಿವರಿಸಿದರು. ನಮ್ಮವರೂ ಹಿಂದೆ ಬೀಳಲಿಲ್ಲ, ಅಂದರೆ ಹೋಗಿ ಬಿದ್ದರು. 2011ರಲ್ಲಿ, ಶಾರುಖ್ ಖಾನ್ ನಿರೂಪಣೆಯಲ್ಲಿ, ‘ಜೋರ್ ಕಾ ಝಟ್ಕಾ’. ಭಾರತದ ತಾರೆಯರು ಅರ್ಧ ಭೂಮಿ ದಾಟಿ ಹೋಗಿ ಕೆಸರಿಗೆ ಬಿದ್ದು ಬಂದರು. ಕೆಸರಿಗೆ ನಮ್ಮಲ್ಲಿ ಬರ ಬಂದಿತ್ತಾ? (ಬೆಂಗಳೂರಿನ ರಸ್ತೆಗುಂಡಿ ಜೋಕ್ ಇಲ್ಲಿ ಬರುತ್ತದೆ ಅಂತ ಕಾದಿದ್ದರೆ ಕ್ಷಮಿಸಿ. ಅದನ್ನು ಎಲ್ಲರೂ ಮಾಡಿ, ಗುಂಡಿಗೇ ಬೇಜಾರಾಗಿದೆ.)

2020ರ ನವೆಂಬರ್‌ನಲ್ಲಿ ಇದೇ ವೈಪ್‌ಔಟ್‌ನ ಹೊಸ ಆವೃತ್ತಿಯ ಶೂಟಿಂಗ್ ಕ್ಯಾಲಿಫೋರ್ನಿಯಾದಲ್ಲಿ ನಡೆದಿತ್ತು. ಒಬ್ಬ ಸ್ಪರ್ಧಿ ಓಟ ಮುಗಿಸಿದರು, ಎದೆನೋವು ಅಂದರು, ಆಸ್ಪತ್ರೆಗೆ ಸೇರಿಸಿದರು. ಉಳಿಯಲಿಲ್ಲ. ಹೃದಯದ ರಕ್ತನಾಳದ ಕಾಯಿಲೆ ಇತ್ತಂತೆ. ಕಾರ್ಯಕ್ರಮ 2021ರ ಏಪ್ರಿಲ್ 1ಕ್ಕೆ ಶುರುವಾಯಿತು. ಚೆಂಡುಗಳು ಅವೇ, ನಗುವೂ ಅದೇ.

ಇದು ಯಾಕೆ ‘ನಿಮಗೆ ಗೊತ್ತಾ’ ಪಟ್ಟಿಯಲ್ಲಿ ಇಲ್ಲ? ಡಿಂಗ್ ಹೊಂದುವುದಿಲ್ಲ, ಅಲ್ವಾ? ಸಾಕಾಗಿದೆ ನನಗೆ. ಸಂಬಳ ಇಲ್ಲ ಅನ್ನುವುದು ಸ್ವಾರಸ್ಯ. ನಿದ್ದೆ ಇಲ್ಲ ಅನ್ನುವುದು ಸ್ವಾರಸ್ಯ. ಸಾವನ್ನು ಮಾತ್ರ ಬಿಟ್ಟಿದ್ದಾರೆ, ಅದೂ ಗೌರವದಿಂದ ಅಲ್ಲ, ಸಂಗೀತ ಹೊಂದಲಿಲ್ಲ ಅಂತ.

ಇರಲಿ. ಊಟ ಮುಗಿದಿತ್ತು. ಅಂಗಳದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಚಾ ಕುಡಿಯುತ್ತಾ ಕೂತಿದ್ದ. ಅಡಿಕೆ ಕೊಯ್ಲಿನ ದಿನಗಳು, ಬೆಳಗಿನಿಂದ ತೋಟದಲ್ಲಿ ಮರದಿಂದ ಮರಕ್ಕೆ ಹಾರಿ ಬಂದವನು. ಅಕ್ಕನ ಮಗ ಫೋನ್ ತಗೊಂಡು ಅವನ ಪಕ್ಕ ಕೂತ. ತೋರಿಸಿದ್ದು 2015ರ ಫೈನಲ್. ಅದನ್ನು ನೋಡಿದವರಿಗೆ ನೆನಪಿರುತ್ತದೆ. ಆರು ಸೀಸನ್‌ಗಳಲ್ಲಿ ಒಬ್ಬ ಅಮೆರಿಕದವನೂ ಪೂರ್ತಿ ಮುಗಿಸಿರಲಿಲ್ಲ. ಆ ವರ್ಷ ಕೊನೆಯ ಹಗ್ಗದ ಮುಂದೆ ಇಬ್ಬರು ಉಳಿದರು. 75 ಅಡಿ ಆಸುಪಾಸಿನ ಎತ್ತರ, 30 ಸೆಕೆಂಡ್ ಗಡುವು. ಜೆಫ್ ಬ್ರಿಟನ್ ಮೊದಲು ಹತ್ತಿದರು, 29.65 ಸೆಕೆಂಡಿಗೆ ಗುಂಡಿ ಒತ್ತಿದರು. ಇತಿಹಾಸ! ಕೂಗು, ಕಣ್ಣೀರು, ಬಣ್ಣದ ಕಾಗದ. ಆಮೇಲೆ ಐಸಾಕ್ ಕಾಲ್ಡಿಯೆರೊ ಹತ್ತಿದರು, 26.14. ನಿಯಮದ ಪ್ರಕಾರ ಬೇಗ ಹತ್ತಿದವರಿಗೆ 10 ಲಕ್ಷ ಡಾಲರ್. ಇತಿಹಾಸಕ್ಕೆ ಸೊನ್ನೆ.

ಕಾಲ್ಡಿಯೆರೊ ಮೇಲೆ ನನಗೇನೂ ಸಿಟ್ಟಿಲ್ಲ. ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದವರು, ದುಡ್ಡು ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಬ್ರಿಟನ್ ಅವರ ಕೆಲಸ ಏನು ಗೊತ್ತಾ? (ನೋಡಿ, ನನಗೂ ಅಂಟಿತು.) ಕ್ಯಾಮೆರಾಮನ್. ಆಟಗಳ ಶೂಟಿಂಗ್ ಮಾಡುವವರು. ಆ ರಾತ್ರಿ ಹಗ್ಗ ಹತ್ತುವ ಬದಲು ಕೆಳಗೆ ಕ್ಯಾಮೆರಾ ಹಿಡಿದು ನಿಂತಿದ್ದರೆ ದಿನದ ಸಂಬಳವಾದರೂ ಬರುತ್ತಿತ್ತು.

ಕೊನೆಗೌಡ ಎರಡು ಸಲ ನೋಡಿದ.

‘ಒಣ ಹಗ್ಗ’ ಅಂದ ಮೊದಲು. ಆಮೇಲೆ ಕೇಳಿದ, ‘ಆ ಮೊದಲನೆಯವನಿಗೆ ಎಷ್ಟು ಕೊಟ್ರು?’

‘ಏನಿಲ್ಲ’ ಅಂದ ಹುಡುಗ.

‘ಹತ್ತಿದ್ನಲ್ಲ?’

‘ಹತ್ತಿದ. ಆದ್ರೆ ಮೂರೂವರೆ ಸೆಕೆಂಡ್ ಲೇಟು.’

ಕೊನೆಗೌಡ ಲೋಟ ಕೆಳಗಿಟ್ಟ. ‘ನಾನಾಗಿದ್ರೆ ಇಳಿಯುವಾಗ ಹಗ್ಗ ಕೊಯ್ಕೊಂಡೇ ಇಳೀತಿದ್ದೆ.’ ಎದ್ದು ತೋಟಕ್ಕೆ ಹೋದ.

ಈ ಆಟ ಈಗ ಒಲಿಂಪಿಕ್ಸ್‌ಗೂ ಬಂತು, ಅದನ್ನೂ ಹೇಳಿಬಿಡುತ್ತೇನೆ. 1912ರಿಂದ ಇರುವ, ಐದು ಆಟ ಸೇರಿದ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಕುದುರೆ ಸವಾರಿ ಇತ್ತು. 2021ರಲ್ಲಿ ಟೋಕಿಯೊದಲ್ಲಿ ಒಂದು ಕುದುರೆ ‘ನಾನು ಹಾರಲ್ಲ’ ಅಂತ ಹಟ ಹಿಡಿಯಿತು. ಸವಾರಳು ಅತ್ತಳು, ಕೋಚ್ ಕುದುರೆಗೆ ಗುದ್ದಿದರು, ಇಡೀ ಲೋಕ ಛೀ ಅಂದಿತು. ಪರಿಣಾಮ, 2028ರ ಲಾಸ್ ಏಂಜಲೀಸ್‌ನಿಂದ ಕುದುರೆ ಇಲ್ಲ. ಅದರ ಬದಲು ಈ ನಿಂಜಾ ಥರದ ಅಡೆತಡೆ ಓಟ. ಹಾರಲ್ಲ ಅಂದ ಕುದುರೆಗೆ ಬಿಡುಗಡೆ ಸಿಕ್ಕಿತು. ಇನ್ನು ಮನುಷ್ಯನೇ ಹಾರಬೇಕು. ಒಂದು ಸಲ ಗಟ್ಟಿಯಾಗಿ ‘ಇಲ್ಲ’ ಅಂದಿದ್ದಕ್ಕೆ ನೂರು ವರ್ಷದ ನಿಯಮ ಬದಲಾಯಿತು ನೋಡಿ. ಮನುಷ್ಯರಿಗೆ ಇದು ಯಾಕೆ ಹೊಳೆಯಲಿಲ್ಲವೋ.

ನಮ್ಮ ಹುಡುಗನಿಗಂತೂ ಹೊಳೆದಿಲ್ಲ. ಇಷ್ಟೆಲ್ಲ ಆದ ಮೇಲೆ ರಾತ್ರಿ ಬಂದು ಗುಟ್ಟು ಹೇಳಿದ. ಡಲ್ಲಾಸ್‌ನಲ್ಲಿ ನಿಂಜಾ ಜಿಮ್‌ಗೆ ಹೋಗುತ್ತಿದ್ದಾನಂತೆ. ತಿಂಗಳಿಗೆ ಫೀಸು ಕಟ್ಟಿ ಜೋತು ಬೀಳುತ್ತಾನಂತೆ. 2014ರಲ್ಲಿ ಕೇಸಿ ಕಟಾನ್‌ಜಾರೊ, ಐದಡಿ ಎತ್ತರದ ಹುಡುಗಿ, ಇವನ ಊರಲ್ಲೇ ಸಿಟಿ ಫೈನಲ್ ಮುಗಿಸಿದಾಗಿನಿಂದ ತಲೆಗೆ ಹತ್ತಿದ ಹುಚ್ಚು. ಈಗ ಅರ್ಜಿ ಹಾಕಬೇಕು, ವಿಡಿಯೊ ಬೇಕು.

‘ಮಾವ, ನಮ್ಮನೇಲಿ ಏನಾದ್ರೂ ದುಃಖ ಇದ್ಯಾ?’

ಯೋಚಿಸಿದೆವು. ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ ಅಂದೆ. ಅದನ್ನು ಅಮೆರಿಕದವರಿಗೆ ಅಳು ಬರುವ ಹಾಗೆ ಹೇಳೋದು ಹೇಗೆ ಅಂದ. ನನ್ನ ಸೊಂಟನೋವು ಹಾಕು ಅಂದೆ. ಅದು ಚಿಕ್ಕದಾಯಿತಂತೆ. ಕೊನೆಗೆ ಅಜ್ಜಿ ಕಣ್ಣೀರು ಹಾಕುವ ಒಂದು ದೃಶ್ಯ ಇದ್ದರೆ ಸಾಕು, ಹಿಂದೆ ಪಿಟೀಲು ಹಾಕಿಕೊಳ್ಳುತ್ತೇನೆ ಅಂದ. ಅಡುಗೆಮನೆಗೆ ಹೋದೆವು. ಅಮ್ಮ ನಾಳೆಗೆ ದೋಸೆ ಹಿಟ್ಟು ಮುಚ್ಚಿಡುತ್ತಿದ್ದರು.

‘ಅಜ್ಜಿ, ಸ್ವಲ್ಪ ಅಳ್ತೀಯಾ?’

ಅಮ್ಮ ಗಾಬರಿಯಾದರು. ‘ಯಾಕೋ, ಯಾರು ಹೋದ್ರು?’

‘ಯಾರೂ ಹೋಗಿಲ್ಲ ಅಜ್ಜಿ. ಸುಮ್ನೆ. ವಿಡಿಯೊಗೆ.’

ಅಮ್ಮ ಹಿಟ್ಟಿನ ಪಾತ್ರೆಯ ಮೇಲೆ ತಟ್ಟೆ ಸರಿಮಾಡಿದರು, ಸೆರಗಿಗೆ ಕೈ ಒರೆಸಿಕೊಂಡರು, ಲೈಟ್ ಆರಿಸಲು ಸ್ವಿಚ್ ಹತ್ತಿರ ಹೋದರು.

‘ಬೆಳಿಗ್ಗೆ ಪಲ್ಯಕ್ಕೆ ಈರುಳ್ಳಿ ಹೆಚ್ತೀನಿ. ಆವಾಗ ಬಾ.’