ರಿಪೋರ್ಟಿನಲ್ಲಿ ಫಾಸ್ಫರಸ್ ಸಾಲನ್ನೂ ಓದಿ

ನಮ್ಮ ಅಕ್ಕನಿಗೆ ಡಯಾಲಿಸಿಸ್ ಶುರುವಾದ ಮೇಲೆ ಮನೆಯವರೆಲ್ಲ ಅರ್ಧ ಡಾಕ್ಟರುಗಳಾಗಿಬಿಟ್ಟಿದ್ದೇವೆ. ರಿಪೋರ್ಟ್ ಬಂದ ಕೂಡಲೇ ಎಲ್ಲರೂ ಹುಡುಕುವುದು ಕಿಡ್ನಿ ಎಷ್ಟು ಸೋತಿದೆ ಎಂದು ತೋರಿಸುವ ಕ್ರಿಯಾಟಿನಿನ್. ನನಗೀಗ ಅದಕ್ಕಿಂತ ಜಾಸ್ತಿ ಚಿಂತೆ ಊಟದಿಂದ ಬರುವ ಫಾಸ್ಫರಸ್ ಎಂಬ ಖನಿಜದ್ದು. ಅದು ರಕ್ತದಲ್ಲಿ ಏರಿದರೆ ರಕ್ತನಾಳ ಗಟ್ಟಿಯಾಗಿ ಪೆಟ್ಟು ಬೀಳುವುದು ಹೃದಯಕ್ಕೆ. ಡಯಾಲಿಸಿಸ್‌ನಲ್ಲಿರುವವರ ಸಾವಿಗೆ ಮುಖ್ಯ ಕಾರಣ ಹೃದಯದ ತೊಂದರೆ. ಈ ಮಾತನ್ನು ಮೊದಲ ದಿನವೇ ಕೂರಿಸಿ ಹೇಳುವವರು ಎಷ್ಟು ಜನ?

ಇದು ಹೊಸ ಸಂಗತಿಯೇನೂ ಅಲ್ಲ. 1960ರಲ್ಲಿ ಸಿಯಾಟಲ್‌ನ ಡಾಕ್ಟರ್ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಕ್ಲೈಡ್ ಶೀಲ್ಡ್ಸ್ ಎಂಬ ಕಿಡ್ನಿ ರೋಗಿಯ ಕೈಗೆ ಟೆಫ್ಲಾನ್ ಕೊಳವೆ ಕೂರಿಸಿ, ಪದೇ ಪದೇ ಡಯಾಲಿಸಿಸ್ ಮಾಡಬಹುದು ಎಂದು ತೋರಿಸಿದರು. ಶೀಲ್ಡ್ಸ್ 11 ವರ್ಷ ಬದುಕಿದರು. 1971ರಲ್ಲಿ ಅವರು ತೀರಿಕೊಂಡದ್ದು ಹೃದಯಾಘಾತದಿಂದ. ಡಯಾಲಿಸಿಸ್ ರೋಗಿಗಳ ರಕ್ತನಾಳ ಬೇಗ ಕೆಡುತ್ತದೆ ಎಂದು ಸ್ಕ್ರಿಬ್ನರ್ ತಂಡವೇ 1974ರಲ್ಲಿ ಬರೆಯಿತು. 2000ದಲ್ಲಿ ಬಂದ ಒಂದು ಅಧ್ಯಯನವಂತೂ ಹೆದರಿಸುವಂಥದ್ದು. 20ರಿಂದ 30 ವರ್ಷದ 16 ಡಯಾಲಿಸಿಸ್ ರೋಗಿಗಳನ್ನು ಸ್ಕ್ಯಾನ್ ಮಾಡಿದಾಗ 14 ಜನರ ಹೃದಯದ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡಿತ್ತು. ಮೂವತ್ತು ದಾಟದ ಹುಡುಗರು!

ಬಿಸಿನೀರಿನ ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತದಲ್ಲ, ಇದೂ ಹಾಗೇ ಅಂದುಕೊಂಡಿದ್ದೆ. ಓದಿದಾಗ ಗೊತ್ತಾಯಿತು, ಇಲ್ಲಿ ರಕ್ತನಾಳದ ಜೀವಕೋಶಗಳೇ ಬದಲಾಗುತ್ತವೆ. ಕಿಡ್ನಿ ಸೋತಾಗ ಫಾಸ್ಫರಸ್ ಹೊರಗೆ ಹೋಗದೆ ರಕ್ತದಲ್ಲಿ ಉಳಿಯುತ್ತದೆ. ರಕ್ತದ ಕ್ಯಾಲ್ಸಿಯಂ ಮಟ್ಟ ನೋಡಿಕೊಳ್ಳುವ ಪಿಟಿಎಚ್ ಹಾರ್ಮೋನ್ ಏರಿ ಮೂಳೆಯಿಂದ ಕ್ಯಾಲ್ಸಿಯಂ, ಫಾಸ್ಫರಸ್ ಎರಡನ್ನೂ ಎಳೆದು ತರುತ್ತದೆ. ಆಗ ರಕ್ತನಾಳದ ಗೋಡೆಯ ಸ್ನಾಯುಕೋಶಗಳು ಮೂಳೆ ಕಟ್ಟುವ ಕೋಶಗಳಂತೆ ಕೆಲಸ ಶುರು ಮಾಡುತ್ತವೆ. ಅತ್ತ ಮೂಳೆ ಸವೆಯುತ್ತದೆ, ಇತ್ತ ರಕ್ತನಾಳ ಮೂಳೆಯಾಗುತ್ತದೆ.

ಗಟ್ಟಿಯಾದ ರಕ್ತನಾಳ ಹಿಗ್ಗುವುದಿಲ್ಲ. ಬಿಪಿಯ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಹೃದಯ ಜಾಸ್ತಿ ಒತ್ತಡದಲ್ಲಿ ದುಡಿದು ದುಡಿದು ದಪ್ಪಗಾಗುತ್ತದೆ. ಹೃದಯದ ಮಾಂಸಕ್ಕೆ ಬೇಕಾದ ರಕ್ತ ಹೆಚ್ಚಾಗಿ ಹೋಗುವುದು ಅದು ಸಡಿಲವಾಗುವ ಹೊತ್ತಿನಲ್ಲಿ. ಕೆಳಗಿನ ಬಿಪಿ ಇಳಿದರೆ ಅದಕ್ಕೇ ಕೊರತೆ. ದೊಡ್ಡ ಬ್ಲಾಕ್ ಇಲ್ಲದಿದ್ದರೂ ತೊಂದರೆ ಬರುವುದು ಹೀಗೆ.

ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಫಾಸ್ಫರಸ್ ಏರಿದ ತಕ್ಷಣ "ಪಥ್ಯ ಮಾಡಿಲ್ಲ" ಎಂದು ರೋಗಿಯನ್ನೇ ಬೈಯುವುದು. ಸ್ವಲ್ಪ ಲೆಕ್ಕ ಹಾಕಿ. 4 ಗಂಟೆಯ ಒಂದು ಡಯಾಲಿಸಿಸ್ ಸುಮಾರು 800 ಮಿಲಿಗ್ರಾಂ ಫಾಸ್ಫರಸ್ ತೆಗೆಯುತ್ತದೆ. ವಾರಕ್ಕೆ 3 ಸಲ ಅಂದರೆ 2400. ಸಾಧಾರಣ ಊಟದಿಂದ ರಕ್ತಕ್ಕೆ ಸೇರುವುದು ವಾರಕ್ಕೆ 4000 ಮಿಲಿಗ್ರಾಂ ಆಸುಪಾಸು. ಎಷ್ಟೇ ಶಿಸ್ತಿನಿಂದಿದ್ದರೂ ಮೆಷಿನ್ ಒಂದೇ ಸಾಕಾಗುವುದಿಲ್ಲ. ಹಾಗಂತ ಫಾಸ್ಫರಸ್ ಜೊತೆಗೇ ಬರುತ್ತದೆ ಎಂದು ಪ್ರೋಟೀನ್ ಬಿಟ್ಟರೆ ಮೈಯೇ ಇಳಿದುಹೋಗುತ್ತದೆ.

ಅದಕ್ಕೇ ಬೈಂಡರ್ ಮಾತ್ರೆ, ಅಂದರೆ ಊಟದ ಫಾಸ್ಫರಸ್ ರಕ್ತಕ್ಕೆ ಸೇರದಂತೆ ಹಿಡಿದುಕೊಳ್ಳುವ ಮಾತ್ರೆ. ಅದು ಕೆಲಸ ಮಾಡುವುದು ಹೊಟ್ಟೆಯಲ್ಲಿ ಊಟದ ಜೊತೆ ಬೆರೆತಾಗ ಮಾತ್ರ. ಎಲ್ಲಾ ಮಾತ್ರೆಗಳನ್ನೂ ರಾತ್ರಿ ಮಲಗುವಾಗ ಒಟ್ಟಿಗೆ ನುಂಗುವವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕಲ್ವಾ? ಬೈಂಡರ್‌ನಲ್ಲೂ ಕ್ಯಾಲ್ಸಿಯಂ ಇರುವುದು, ಇಲ್ಲದಿರುವುದು ಅಂತ ಎರಡು ಬಗೆ. ಕ್ಯಾಲ್ಸಿಯಂ ಇರುವುದರ ಡೋಸ್ ಮಿತಿಯಲ್ಲಿರಲಿ ಎಂದು 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಸುಮ್ನೆ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ರಕ್ತನಾಳದಲ್ಲಿ ಒಮ್ಮೆ ಕಟ್ಟಿದ ಕ್ಯಾಲ್ಸಿಯಂ ಕರಗಿಸುವ ನಂಬಿಕೆಯ ಔಷಧ ಸದ್ಯಕ್ಕಿಲ್ಲ. ಹಾಗಾಗಿ ಬೇಗ ಕೇಳಿದಷ್ಟೂ ಒಳ್ಳೆಯದು.

ಇನ್ನು ಪ್ಯಾಕೆಟ್ ತಿಂಡಿ. ಬೇಳೆಕಾಳಿನ ಫಾಸ್ಫರಸ್ ಅರ್ಧದಷ್ಟೂ ರಕ್ತಕ್ಕೆ ಸೇರುವುದಿಲ್ಲ. ಪ್ಯಾಕೆಟ್ ತಿಂಡಿ ಕೆಡದಿರಲಿ ಎಂದು ಹಾಕುವ ಫಾಸ್ಫೇಟ್, ಅಂದರೆ ಫಾಸ್ಫರಸ್ ಇರುವ ಲವಣ, ಬಹುಪಾಲು ಸೇರಿಬಿಡುತ್ತದೆ. ಆದರೂ ನಾವು ಬೇಳೆಗೇ ಹೆದರುತ್ತೇವೆ! ಸೋಡಿಯಂ, ಸಕ್ಕರೆ ಎಷ್ಟಿದೆ ಎಂದು ಪ್ಯಾಕೆಟ್ ಮೇಲೆ ಬರೆಯುತ್ತಾರೆ, ಫಾಸ್ಫರಸ್ ಎಷ್ಟು ಎಂದು ಮಾತ್ರ ಹೆಚ್ಚಿನ ಪ್ಯಾಕೆಟ್‌ಗಳಲ್ಲಿ ಇರುವುದಿಲ್ಲ. ಅದನ್ನೂ ಬರೆಯಲೇಬೇಕು ಎಂಬ ಕಾನೂನು ಬರಬೇಕು. ಅಲ್ಲಿಯವರೆಗೆ ಸಾಮಗ್ರಿ ಪಟ್ಟಿಯಲ್ಲಿ "ಫಾಸ್ಫೇಟ್" ಕಂಡರೆ ಪ್ಯಾಕೆಟ್ ವಾಪಸ್ ಇಡಿ.